ಕಂಕುಳಲ್ಲಿ ನಾಣ್ಯ

ಜಾದೂಗಾರನೊಬ್ಬನನ್ನು ನೋಡಿ ನೋಡಿ ದುಂಡ ಎಂಬ ಕೋತಿ ನಾಣ್ಯದ ಕೈಚಳಕ ಕಲಿಯಿತು. ನಾಣ್ಯವನ್ನು ಬೆರಳುಗಳ ಮೇಲೆ ಉರುಳಿಸಿ, ಗಾಳಿಗೆ ಎಸೆದಂತೆ ಮಾಡಿ, "ಮಾಯ!" ಎಂದಿತು. ಹಿಂಡು ಬೆರಗಾಯಿತು. ದುಂಡ ಬೀಗಿತು: "ಹಣ್ಣು ಕೀಳುವುದು ನಿಮ್ಮಂಥ ದಡ್ಡರ ಕೆಲಸ. ಇನ್ನು ನನ್ನ ಪಾಲನ್ನು ನೀವೇ ತಂದುಕೊಡಿ."

ಮೇಲಿನ ಕೊಂಬೆಯಿಂದ ಕಾಗೆ ನಕ್ಕಿತು. "ನಾಣ್ಯ ಅದರ ಕಂಕುಳಲ್ಲಿದೆ. ಎದುರು ಕೂತವರಿಗೆ ಕಾಣದು, ಅಷ್ಟೇ."

"ಹೌದೇನೋ? ತೋಳೆತ್ತು, ನೋಡೋಣ," ಎಂದಿತು ಮುದಿ ಕೋತಿ.

"ಕಲಾವಿದನನ್ನು ಹೀಗೆಲ್ಲ ಪರೀಕ್ಷಿಸಬಾರದು," ಎಂದು ದುಂಡ ತೋಳನ್ನು ಇನ್ನಷ್ಟು ಬಿಗಿಹಿಡಿಯಿತು.

"ಸರಿ, ಪಕ್ಕದ ಅತ್ತಿಮರ ಹಣ್ಣಾಗಿದೆ, ಬಾ," ಎಂದು ಹಿಂಡು ಹಾರಿತು. ಹಾರಲು ಎರಡೂ ಕೈ ಬೇಕು. ತೋಳೆತ್ತಿದರೆ ನಾಣ್ಯ ಬೀಳುತ್ತದೆ, ಮಾನ ಹೋಗುತ್ತದೆ. ದುಂಡ ಹಾರಲಿಲ್ಲ. ಅತ್ತಿಮರದಲ್ಲಿ ಒಂದು ಹಣ್ಣೂ ಉಳಿಯದ ತನಕ ಅದು ತೋಳು ಬಿಗಿದುಕೊಂಡು, ಕಲಾವಿದನ ಗತ್ತಿನಲ್ಲೇ ಕೂತಿತ್ತು.