ಇರುವೆ ಮುತ್ತದ ಹಿಟ್ಟು

"ಬಿಳಿಗಲ್ಲು ಸೀಮೆಯ ಪ್ರಜೆಗಳೆಲ್ಲ ಕೇಳಿ. ದೊರೆ ಬೊಮ್ಮಣ್ಣ ನಾಯಕರು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವರು ಏನು ಕೇಳಿದರೂ ಕೊಡುತ್ತಾರೆ. ಸೋತವರ ತಲೆ ತೆಗೆಯುವುದು ಹಿಂದಿನವರ ಪದ್ಧತಿ. ನಮ್ಮ ದೊರೆ ದಯಾಳು. ಸೋತವರು ಒಂದೇ ಒಂದು ವರ್ಷ ಹಿಟ್ಟಿನ ಕೊಟ್ಟಿಗೆಯಲ್ಲಿ ಬೀಸಿ ಮನೆಗೆ ಹೋಗಬಹುದು."

ಡಂಗುರ ಕೇಳಿದ ಜನ ದೊರೆಯ ಕರುಣೆಯನ್ನು ಕೊಂಡಾಡಿದರು. ಮೂರು ವರ್ಷದಲ್ಲಿ ಇಪ್ಪತ್ಮೂರು ಮಂದಿ ಸೋತು ಕೊಟ್ಟಿಗೆ ಸೇರಿದ್ದರು. ವರ್ಷ ತುಂಬಿದವರು ಒಬ್ಬರಾದರೂ ಬಂದು ಕೈಮುಗಿದು ಹೋಗಲಿಲ್ಲವಲ್ಲ ಎಂದು ದೊರೆಗೆ ಒಳಗೊಳಗೇ ಬೇಸರ. ಉಂಡ ಮನೆ ಮರೆಯುವ ಜನ ಎಂದು ರಾಣಿಯ ಹತ್ತಿರ ಹೇಳಿಕೊಂಡಿದ್ದನಂತೆ.

ಈ ಕೊಟ್ಟಿಗೆ ಇದ್ದದ್ದು ಊರಾಚೆಯ ಬೆಣಚಿಹಟ್ಟಿಯಲ್ಲಿ. ದೊರೆಗೆ ಅರಮನೆಯ ಗೋಡೆ ಕನ್ನಡಿಯಂತೆ ಹೊಳೆಯಬೇಕು. ಹಾಗೆ ಉಜ್ಜಲು ಬೆಣಚುಕಲ್ಲನ್ನು ಒಣಗಿಸಿ ನುಣ್ಣಗೆ ಬೀಸಿದ ಹಿಟ್ಟೇ ಬೇಕು. ಹಿಟ್ಟು ಹಾರಿ ನಷ್ಟವಾದೀತೆಂದು ಕೊಟ್ಟಿಗೆಗೆ ಬಾಗಿಲು ಜಡಿದು, ಹಟ್ಟಿಯ ಕಡೆಗೆ ಮಾತ್ರ ಎರಡು ಕಿಂಡಿ ಬಿಟ್ಟಿದ್ದರು. ಅಲ್ಲಿಂದ ಹೊರಬಿದ್ದ ಧೂಳು ಹಟ್ಟಿಯ ಅನ್ನಕ್ಕೂ ನೀರಿಗೂ ತೊಟ್ಟಿಲಿಗೂ ಬೀಳುತ್ತಿತ್ತು. ಕೆಮ್ಮಿಲ್ಲದ ಮನೆ ಇರಲಿಲ್ಲ.

ಹೊನ್ನೂರಿ ಆ ಹಟ್ಟಿಯಲ್ಲಿ ಪೊರಕೆ ಕಟ್ಟಿ ಮಾರುವವಳು. ಅವಳಿಗೆ ಇದ್ದವನು ಅಣ್ಣ ಸಣ್ಣೀರ ಒಬ್ಬನೇ. ಕೊಟ್ಟಿಗೆಯನ್ನು ದೂರ ಸಾಗಿಸಲು ಕೇಳುತ್ತೇನೆಂದು ಒಗಟು ಬಿಡಿಸಲು ಹೋಗಿ, ಸೋತು, ಐದು ತಿಂಗಳಿಂದ ಅದೇ ಕೊಟ್ಟಿಗೆಯಲ್ಲಿ ಬೀಸುತ್ತಿದ್ದ. ಅವಳು ದಿನಾ ಕಿಂಡಿಯ ಕೆಳಗೆ ನಿಂತು ಅವನ ಕೆಮ್ಮು ಆಲಿಸುತ್ತಿದ್ದಳು. ಈಚೆಗೆ ಆ ಕೆಮ್ಮಿಗೂ ಬಲವಿರಲಿಲ್ಲ. ಹಟ್ಟಿಯವರು ದೂರು ಹೇಳಲು ಹೋದಾಗಲೆಲ್ಲ ಕಾವಲಿನವರು ಕೋಟೆ ಬಾಗಿಲಲ್ಲೇ ಅಟ್ಟಿದ್ದರು. ದೊರೆಯ ಎದುರು ನಿಲ್ಲಲು ಉಳಿದದ್ದು ಒಗಟಿನ ದಾರಿ ಮಾತ್ರ. ಸೋತರೆ ತಾನೂ ಅಲ್ಲಿಗೇ ಎಂದು ಗೊತ್ತಿದ್ದೂ ಹೊರಟಳು.

ಅಂದು ಅವಳಿಗಿಂತ ಮುಂದೆ ಇಬ್ಬರಿದ್ದರು. ಒಗಟು ಪ್ರತಿ ಸಲವೂ ಹೊಸದು. ದೊರೆ ಅಂದಿನ ಮೊದಲನೆಯದು ಹೇಳಿದ: "ಮನೆಯೊಡತಿ ಬೆಳಗೆದ್ದು ಹೊರಗೆ ಹಾಕುತ್ತಾಳೆ. ಅವಳು ತಿರುಗಿ ನೋಡುವಷ್ಟರಲ್ಲಿ ಒಳಗೆ ಬಂದು ಕೂತಿರುತ್ತದೆ. ಏನದು?"

"ಬೆಕ್ಕು," ಎಂದ ಗೌಡರ ಮಗ. ಸಭೆ ನಕ್ಕಿತು.

"ಆಸೆ," ಎಂದ ಪಂಡಿತ, ಕಣ್ಣು ಮುಚ್ಚಿಕೊಂಡು. ಅದೂ ತಪ್ಪು. ಭಟರು ಕರೆದೊಯ್ಯುವಾಗ ಇಬ್ಬರೂ "ಒಂದು ವರ್ಷ ತಾನೆ" ಎಂದು ನಗುತ್ತಲೇ ಹೋದರು. ಆ ನಗು ಕಂಡ ಹೊನ್ನೂರಿ ಮುಂದೆ ಬಂದು ನಿಂತಳು.

"ಪೊರಕೆಯವಳಿಗೂ ಒಗಟೇ?" ಎಂದು ಮಂತ್ರಿ ಹುಬ್ಬೇರಿಸಿದ.

"ಅದು ಧೂಳು, ಬುದ್ಧೀ," ಎಂದಳು ಹೊನ್ನೂರಿ. "ನಮ್ಮ ಹಟ್ಟಿಯಾಗೆ ಗುಡಿಸಿ ಪೊರಕೆ ಮೂಲೆಗಿಡೋದ್ರೊಳಗೆ ಮತ್ತೆ ಬಂದು ಕುಂತಿರ್ತೈತೆ."

ಮಂತ್ರಿ ಕೈಯಲ್ಲಿದ್ದ ಉತ್ತರದ ಓಲೆ ನೋಡಿ ಸರಿಯೆಂದು ತಲೆಯಾಡಿಸಿದ. ದೊರೆ ಎರಡನೆಯದು ಕೇಳಿದ: "ಬೀಸಿದ್ದು ಹಿಟ್ಟು, ರೊಟ್ಟಿ ತಟ್ಟುವವರಿಲ್ಲ. ಬಿಟ್ಟರೂ ಇರುವೆ ಮುತ್ತುವುದಿಲ್ಲ. ಏನದು?"

"ಬೆಣಚುಕಲ್ಲಿನ ಹಿಟ್ಟು. ಇರುವೆಗೆ ಬುದ್ಧಿ ಐತೆ. ನಾವು ದಿನಾ ಉಣ್ತೀವಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಮೂರನೆಯ ಒಗಟಿನವರೆಗೆ ಈವರೆಗೆ ಯಾರೂ ಬಂದಿರಲಿಲ್ಲ. ದೊರೆ ಮುಂದಕ್ಕೆ ಬಾಗಿ ಮೂರನೆಯದು ಹೇಳಿದ: "ಸೋತವರಿಗೆಲ್ಲ ನಾನು ಕೊಟ್ಟಿದ್ದೇನೆ. ಪಡೆದವರಲ್ಲಿ ಒಬ್ಬರೂ ತಿರುಗಿ ಬಂದು ನೆನೆಯಲಿಲ್ಲ. ಏನದು?"

ಹೊನ್ನೂರಿ ಬೆಣಚಿಹಟ್ಟಿಯ ಕಡೆ ತಿರುಗಿ ನೋಡಿದಳು. ಭಟರು ಒಂದು ಹೆಜ್ಜೆ ಮುಂದೆ ಬಂದರು.

"ಓಲೆಯಾಗೆ ಜೀವದಾನ ಅಂತ ಬರೆಸಿರ್ತೀರಿ," ಎಂದಳು. "ತಲೆ ತೆಗೆಯದೆ ಬಿಟ್ಟೆ ಅಂತ. ಅವರು ಯಾಕೆ ತಿರುಗಿ ಬರ್ಲಿಲ್ಲ ಅಂತ ಯಾವತ್ತಾರ ಕೇಳಿದ್ರಾ ಬುದ್ಧೀ? ಇಪ್ಪತ್ಮೂರು ಮಂದೀನ ಕಳಿಸಿದ್ರಿ. ಹದಿನೆಂಟು ಗುಂಡಿ ನಾವೇ ತೋಡೀವಿ."

ಜೀವದಾನ ಎಂದೇ ಬರೆದಿದ್ದ ಓಲೆ ಮಂತ್ರಿಯ ಕೈಯಿಂದ ಜಾರಿತು. ದೊರೆ ಸಿಂಹಾಸನದಿಂದ ಎದ್ದ. ಇದನ್ನು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ, ಎದುರಿಗೆ ಕೂತು ಕೇಳಿದವನ ಪಾಡು ಹೇಗಿತ್ತೋ.

ಆತ ಪಲ್ಲಕ್ಕಿಗೂ ಕಾಯದೆ ಹೊನ್ನೂರಿಯ ಜೊತೆ ಬೆಣಚಿಹಟ್ಟಿಗೆ ನಡೆದ. ಗೌಡರ ಮಗನನ್ನೂ ಪಂಡಿತನನ್ನೂ ದಾರಿಯಲ್ಲೇ ಬಿಡಿಸಿದ. ಕೊಟ್ಟಿಗೆಯ ಬಾಗಿಲು ತೆಗೆದಾಗ ಬಿಳಿಯ ಹೊಗೆಯಂಥ ಧೂಳು ನುಗ್ಗಿ ದೊರೆಯ ಉಸಿರು ಕಟ್ಟಿತು. ಅದು ಇಳಿದ ಮೇಲೆ ಒಳಗಿಂದ ಗೋಡೆ ಹಿಡಿದುಕೊಂಡು ಐದು ಜನ ಬಂದರು. ರೆಪ್ಪೆಯೂ ಬಿಳಿ, ತುಟಿಯೂ ಬಿಳಿ.

"ಉಳಿದವರೆಲ್ಲಿ?"

"ವರ್ಷ ತುಂಬಿದ ಮೇಲೆ ಬಿಡು ಅಂತ ಅಪ್ಪಣೆ ಇತ್ತು ಬುದ್ಧಿ," ಎಂದ ಮೇಲ್ವಿಚಾರಕ. "ಯಾರಿಗೂ ವರ್ಷ ತುಂಬಲಿಲ್ಲ."

ದೊರೆ ಆ ಧೂಳಿನಲ್ಲೇ ಕುಸಿದು ಕೂತ. ತನ್ನ ಕರುಣೆ ಕತ್ತಿಗಿಂತ ನಿಧಾನ ಅಷ್ಟೇ ಎಂಬುದು ಆಗ ಅವನಿಗೆ ತಿಳಿಯಿತು. ಕೊನೆಗೆ, "ಏನು ಬೇಕು ಕೇಳು, ತಾಯಿ," ಎಂದ.

"ಇವರನ್ನ ಮನೆಗೆ ಕಳಿಸ್ರಿ. ಇನ್ನು ಮ್ಯಾಲೆ ಕಲ್ಲನ್ನ ಒಣಗ್ಸಿ ಬೀಸೋದು ಬ್ಯಾಡ. ದೋಸೆಗೆ ಅಕ್ಕಿ ನೆನೆಸಿ ರುಬ್ಬಲ್ವಾ? ಹಂಗೇ ನೀರು ಹಾಕಿ ರುಬ್ಬಲಿ. ನೀರು ಬಸಿದ್ರೆ ಹಿಟ್ಟು ತಳದಾಗೆ ಕುಂತಿರ್ತೈತೆ, ಒಂದು ಚಿಟಿಕೆನೂ ಹಾರಲ್ಲ."

"ಇಷ್ಟೇ ಆದರೆ ನೀನೇಕೆ ಮಾಡಲಿಲ್ಲ?" ಎಂದು ದೊರೆ ಮೇಲ್ವಿಚಾರಕನನ್ನು ಕೇಳಿದ.

ಅವನು ನೆಲ ನೋಡಿದ. "ರುಬ್ಬೋದು ಹೆಂಗಸರ ಕೆಲಸ ಅಂತ ಬಿಟ್ವಿ, ಬುದ್ಧಿ."

ಮುಂದೆ ಕಿಂಡಿಗಳನ್ನು ಮುಚ್ಚಿ, ಬಾಗಿಲು ಕಿತ್ತು, ಕೊಟ್ಟಿಗೆಯೊಳಗೆ ನೀರಿನ ಕಾಲುವೆ ತಂದರು. ದೊರೆ ಬೆಣಚಿಹಟ್ಟಿಯನ್ನು ಹೊನ್ನೂರಿಗೆ ಉಂಬಳಿ ಬರೆದುಕೊಟ್ಟ. ಕೊಟ್ಟಿಗೆಯ ಯಜಮಾನಿಕೆಯೂ ಅವಳದೇ. ಹಟ್ಟಿಯ ಮಕ್ಕಳು ಧೂಳಿಲ್ಲದ ಅನ್ನ ಉಂಡರು.

ಆದರೆ ಅದು ಆಮೇಲಿನ ಮಾತು. ಅವತ್ತು ಬಾಗಿಲಲ್ಲಿ ನಿಂತ ಐವರಲ್ಲಿ ತನ್ನ ಅಣ್ಣ ಯಾರೆಂದು ಹೊನ್ನೂರಿಗೆ ಗೊತ್ತಾಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ಸೆರಗಿನಿಂದ ಒರೆಸುತ್ತ ಬಂದಳು. ನಾಲ್ಕನೆಯವನು ಅವಳ ಕೈ ಹಿಡಿದುಕೊಂಡ. "ಹೊನ್ನೂ..." ಎಂದ. ಹೆಸರು ಮುಗಿಸಲು ಅವನಿಗೆ ಇನ್ನೊಂದು ಉಸಿರು ಬೇಕಾಯಿತು. ಅವಳು ಕಾದಳು.