ಹನ್ನೆರಡು ಬೆಳ್ಳಿ ರೂಪಾಯಿ

"ಗುರುಗಳೇ, ಅರಿಯದೆ ಮಾಡಿದ ತಪ್ಪೂ ಪಾಪವೇ?" ಎಂದು ಶಿಷ್ಯ ಕೇಳಿದ.

"ಅರಿಯದೆ ಎಂಬ ಮಾತು ಎಲ್ಲರಿಗೂ ಬಲು ಇಷ್ಟ. ಕೂತುಕೊಳ್ಳಯ್ಯ," ಎಂದು ಗುರುಗಳು ಈ ಕತೆ ಹೇಳಿದರು.

ಬಿಳಿಯರ ಆಳ್ವಿಕೆಯ ಕಾಲ. ಒಂದು ಪೇಟೆಯಲ್ಲಿ ಒಬ್ಬ ಚಿನಿವಾರನಿದ್ದ. ನಾಣ್ಯ ಪರೀಕ್ಷಿಸಿ ಬದಲಿಸಿ ಕೊಡುವುದು ಅವನ ಕಸುಬು. ಕಣ್ಣು ಮುಚ್ಚಿಕೊಂಡು ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸುತ್ತಿದ್ದ. ಇದು ಬೆಳ್ಳಿ ರೂಪಾಯಿ, ಇದು ನಿಕ್ಕಲ್ ಆಣೆ, ಇದು ತಾಮ್ರದ ಕಾಸು ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಅದನ್ನು ನೋಡಲೆಂದೇ ಜನ ಸೇರುತ್ತಿದ್ದರು, ಅವನಿಗೂ ಅದು ಬೇಕಾಗಿತ್ತು. ಬೆಳ್ಳಿಯ ಲೇಪ ಕೊಟ್ಟ ಸೀಸದ ಕಳ್ಳ ರೂಪಾಯಿ ಸಿಕ್ಕರೆ ಅಲ್ಲೇ ಉಳಿಯಿಟ್ಟು ಕತ್ತರಿಸಿ, ತುಂಡುಗಳನ್ನು ಪಕ್ಕದ ಗಡಿಗೆಗೆ ಹಾಕುತ್ತಿದ್ದ. ಅವನ ಮಾತಿಗೆ ಆ ಪೇಟೆಯಲ್ಲಿ ಎದುರು ಮಾತಿರಲಿಲ್ಲ.

ಒಂದು ದಿನ ಕಲ್ಲುಕುಟಿಗನೊಬ್ಬನ ಹೆಂಡತಿ ಬಂದಳು. ಬಿಳಿ ದೊರೆಯ ಎದುರು ನಿಂತು ಕೂಲಿ ಕೇಳಿದ್ದಕ್ಕೆ ಅವಳ ಗಂಡನಿಗೆ ಹನ್ನೆರಡು ರೂಪಾಯಿ ಜುಲ್ಮಾನೆ ಬಿದ್ದಿತ್ತು. ಸಂಜೆಯೊಳಗೆ ಕಟ್ಟದಿದ್ದರೆ ದೂರದ ಜೈಲು. ಅವಳು ಕೊರಳಿನ ಹನ್ನೆರಡು ಬೆಳ್ಳಿ ರೂಪಾಯಿಗಳ ಸರ ಬಿಚ್ಚಿ, ಒಂದೊಂದರ ಕೊಂಡಿಯನ್ನೂ ಮುರಿದು ತಂದಿದ್ದಳು. ಬೆಸುಗೆಯ ಕಲೆ ಇರುವ ನಾಣ್ಯವನ್ನು ಕಚೇರಿಯವರು ತೆಗೆದುಕೊಳ್ಳುತ್ತಿರಲಿಲ್ಲ. ಚಿನಿವಾರನೇ ಬದಲಿಸಿ ಕೊಡಬೇಕಿತ್ತು.

ಬೆಸುಗೆ ಹತ್ತಿದ ಬೆಳ್ಳಿ ಮೊದಲಿನ ಹಾಗೆ ನುಡಿಯುವುದಿಲ್ಲ. ಚಿನಿವಾರ ಕಣ್ಣು ಮುಚ್ಚಿ ಮೊದಲ ರೂಪಾಯಿ ಬೀಳಿಸಿದ. ಠಪ್ಪೆಂದಿತು. "ಸೀಸ," ಎಂದು ಉಳಿ ಎತ್ತಿಕೊಂಡ.

"ಸ್ವಾಮೀ, ಕಣ್ಣು ಬಿಟ್ಟು ನೋಡಿ. ಅಂಚಿನಲ್ಲಿ ಬೆಸುಗೆ ಐತೆ. ಮದುವೇಲಿ ನಮ್ಮವ್ವ ನನ್ನ ಕೊರಳಿಗೆ ಹಾಕಿದ್ದು ಇದು."

"ನಲವತ್ತು ವರ್ಷ ಈ ಕಿವಿಯಿಂದಲೇ ಅನ್ನ ಉಂಡಿದ್ದೇನೆ. ನೀನು ನನಗೆ ಕಲಿಸಲು ಬರಬೇಡ."

ಕತ್ತರಿಸಿದ. ಆಮೇಲೆ ತುಂಡನ್ನು ನೋಡಿದ. ಒಳಗೂ ಬೆಳ್ಳಿ. ಅದು ಅವನೊಬ್ಬನಿಗೇ ಕಂಡಿತು. ಅಂಗಡಿಯ ಮುಂದೆ ಹತ್ತಾರು ಜನ ನಿಂತಿದ್ದರು. ಅವನು ತುಂಡುಗಳನ್ನು ಗಡಿಗೆಗೆ ಹಾಕಿ ಎರಡನೆಯ ರೂಪಾಯಿ ಎತ್ತಿಕೊಂಡ. ಹೀಗೆ ಹನ್ನೆರಡೂ ಮುಗಿದವು. ಅವಳು ಕಾಲು ಹಿಡಿದಳು. ಜನ ಅವಳನ್ನೇ ಕಳ್ಳಿ ಎಂದು ಎಳೆದು ಹಾಕಿದರು.

ಸಂಜೆ ಅವಳ ಗಂಡನಿಗೆ ಬೇಡಿ ತೊಡಿಸಿ ಗಾಡಿ ಹತ್ತಿಸಿದರು. ಊರ ಗಡಿಯವರೆಗೆ ಅವಳು ಗಾಡಿಯ ಹಿಂದೆಯೇ ಹೋದಳು. ಆ ಮನುಷ್ಯ ಜೈಲಿನಲ್ಲೇ ಸತ್ತ.

ಶಿಷ್ಯ ನಿಟ್ಟುಸಿರು ಬಿಟ್ಟ. "ಅಯ್ಯೋ ಪಾಪ, ಚಿನಿವಾರನಿಗೆ ಅವನ ಕಿವಿಯೇ ಮೋಸ ಮಾಡಿತು."

ಗುರುಗಳು ಹೇಳಿದರು: "ಕಿವಿ ಮೋಸ ಮಾಡಿದ್ದು ಒಂದೇ ರೂಪಾಯಿಗೆ ಕಣಯ್ಯ, ಉಳಿದ ಹನ್ನೊಂದನ್ನು ಅವನು ಕಣ್ಣು ಬಿಟ್ಟೇ ಕತ್ತರಿಸಿದ."