ಟಿಟ್ಟಿಭಕ್ಕನ ‘ಅದು’

ಕುರುಚಲು ಕಾಡಿನ ನಡುವೆ ಒಂದು ಕೆರೆಯಿತ್ತು, ಮಕ್ಕಳೇ. ದೊಡ್ಡ ಕೆರೆಯೇನಲ್ಲ, ಒಂದು ಎಮ್ಮೆ ಮುಳುಗುವಷ್ಟು ನೀರು. ಮಳೆಗಾಲವಾದರೆ ಎರಡು ಎಮ್ಮೆ. ಅದರ ದಡದಲ್ಲಿ ಟಿಟ್ಟಿಭಕ್ಕ ನಾಲ್ಕು ಮೊಟ್ಟೆ ಇಟ್ಟಿದ್ದಳು. ಟಿಟ್ಟಿಭ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಟಿಟ್ಟಿಭಕ್ಕ ಒಳ್ಳೆಯವಳೇ. ಆದರೆ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಒಮ್ಮೆ, “ಪಾಪ, ಅವನಿಗೆ ಜ್ವರವಂತೆ” ಎಂದಳು. ಇಡೀ ಕೆರೆಯೇ ಆಮೆಯಜ್ಜನನ್ನು ನೋಡಲು ಹೋಯಿತು. ಅಜ್ಜ ಆರಾಮಾಗಿ ಪಾಚಿ ಮೆಲ್ಲುತ್ತಿದ್ದ. ಜ್ವರ ಬಂದಿದ್ದದ್ದು ಮೊಲಕ್ಕೆ!

“ಹೆಸರು ಹೇಳಬಾರದೇನೇ ತಾಯಿ?” ಎಂದ ಅಜ್ಜ.

“ಅಷ್ಟೂ ಗೊತ್ತಾಗಲ್ವಾ ಅಜ್ಜ? ನನಗೆ ಗೊತ್ತಾಯ್ತಲ್ಲ!”

ಪಕ್ಕದ ಬಿಲದಲ್ಲಿ ಮುಂಗುಸಿಯಣ್ಣನ ಸಂಸಾರ. ಮುಂಗುಸಿಗಳೂ ಮೊಟ್ಟೆ ತಿನ್ನುತ್ತವಲ್ಲ ಎನ್ನಬೇಡಿ. ಈತ ನೆರೆಮನೆಯದನ್ನು ಮುಟ್ಟುವವನಲ್ಲ. “ಮೊಟ್ಟೆ ಕದಿಯಲು ಉಡ ಬಂದರೆ ಕೂಗು ತಂಗಿ, ನಾನಿದ್ದೀನಿ” ಎಂದು ಮಾತು ಕೊಟ್ಟಿದ್ದ.

ಒಂದು ಬೆಳಿಗ್ಗೆ ಆಕಾಶದಲ್ಲಿ ಗಿಡುಗ ಸುತ್ತಿತು. “ಅದು ಬಂತು! ಅದು ಬಂತು!” ಎಂದು ಟಿಟ್ಟಿಭಕ್ಕ ಕೂಗಿದಳು. ಮುಂಗುಸಿಯಣ್ಣ ಮೇಲೆ ನೋಡಿ, ಮರಿಗಳನ್ನು ಬಿಲದೊಳಗೆ ಎಳೆದುಕೊಂಡ.

ಮಧ್ಯಾಹ್ನ ಉಡ ಬಂತು. ನಾಲಿಗೆ ಚಾಚುತ್ತಾ ನೇರ ಮೊಟ್ಟೆಗಳ ಕಡೆಗೇ ಬಂತು.

“ಅದು ಬಂತು! ಅದು ಬಂತು!”

“ಮತ್ತೆ ಗಿಡುಗ! ಒಳಗೆ ನಡೀರಿ” ಎಂದು ಮುಂಗುಸಿಯಣ್ಣ ಮರಿಗಳನ್ನು ಅಡಗಿಸಿ ಬಾಗಿಲಿಗೆ ಅಡ್ಡ ಕುಳಿತ. “ಹಾವು! ಹಾವು!” ಎಂದು ಕಪ್ಪೆಗಳು ನೀರಿಗೆ ಹಾರಿದವು. ಯಾರ ಭಯ ಯಾವುದೋ ಅವರ ‘ಅದು’ ಅದೇ, ಅಲ್ಲವೇ?

ಉಡ ಒಂದು ಮೊಟ್ಟೆ ನುಂಗಿತು.

“ಅಯ್ಯೋ, ಅದು ಅದನ್ನು ತಿಂತು!”

ನೀರಿನಿಂದ ಆಮೆಯಜ್ಜ ಕತ್ತು ಚಾಚಿದ. “ಯಾವುದು? ಏನನ್ನು? ಬಾಯಿ ಬಿಟ್ಟು ಹೆಸರು ಹೇಳೇ ಹುಡುಗಿ!”

“ಉಡ, ಅಜ್ಜ! ಉಡ ನನ್ನ ಮೊಟ್ಟೆ ತಿಂತು!”

ಅಷ್ಟು ಕೇಳಿದ್ದೇ ತಡ, ಮುಂಗುಸಿಯಣ್ಣ ಬಿಲದಿಂದ ಬಾಣದಂತೆ ಹಾರಿ ಬಂದು ಉಡದ ಬಾಲ ಕಚ್ಚಿದ. ಉಡ ಬಿದ್ದೆನೋ ಎದ್ದೆನೋ ಎಂದು ಪೊದೆಗೆ ಓಡಿತು.

“ಈ ಮಾತು ಮೊದಲೇ ಹೇಳಿದ್ದರೆ ನಾಲ್ಕೂ ಉಳಿಯುತ್ತಿದ್ದವಲ್ಲ ತಂಗಿ” ಎಂದ ಮುಂಗುಸಿಯಣ್ಣ. ಟಿಟ್ಟಿಭಕ್ಕ ಉಳಿದ ಮೂರರ ಮೇಲೆ ರೆಕ್ಕೆ ಹರಡಿ ಕುಳಿತಳು.

ಕೆಲವು ದಿನಗಳಲ್ಲಿ ಮೂರು ಮರಿಗಳು ಹೊರಬಂದವು.

“ಅಮ್ಮಾ, ನನಗೆ ಅದು ಬೇಕು!” ಎಂದಿತು ಒಂದು ಮರಿ.

“ಹುಳವೋ, ನೀರೋ? ಹೆಸರು ಹೇಳು ಕಂದಾ” ಎಂದಳು ಟಿಟ್ಟಿಭಕ್ಕ. “ಹೆಸರು ಹೇಳದೆ ನಿಮ್ಮ ಅಣ್ಣನನ್ನು ಕಳೆದುಕೊಂಡವಳು ನಾನು.”

ನೀತಿ: ನಮ್ಮ ಮನಸ್ಸಿನಲ್ಲಿರುವುದು ಕೇಳುವವರಿಗೆ ಕಾಣುವುದಿಲ್ಲ; ಯಾರು, ಏನು ಎಂದು ಬಿಡಿಸಿ ಹೇಳಬೇಕು.